ಗೋಡೆಗೆ ಒರಗಿಸಿ ಕೂರಿಸಿದ ದಿನ

ಬಂಡಳ್ಳಿಯಲ್ಲಿ ನನ್ನನ್ನು ಕಂಡರೆ ಕೆಲವರು ಈಗಲೂ ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅವರ ತಪ್ಪೇನಿಲ್ಲ. ಎರಡು ವರ್ಷದ ಕೆಳಗೆ ನನ್ನ ಸಾವಿಗೆಂದು ಹಾರ ಹಿಡಿದು ಬಂದವರು ಅವರು. ಆ ಹಾರಗಳನ್ನು ಆಮೇಲೆ ಏನು ಮಾಡಿದರು ಎಂದು ಕೇಳಿದರೆ ಎಲ್ಲರೂ ಮಾತು ತೇಲಿಸುತ್ತಾರೆ.

ನಾನು ಮಹದೇವಮ್ಮ. ಹನೂರು, ಯಳಂದೂರು ಸುತ್ತಿನ ಹಳ್ಳಿಗಳಲ್ಲಿ ಮೂವತ್ತೊಂದು ವರ್ಷ ಸರ್ಕಾರಿ ಆರೋಗ್ಯ ಸಹಾಯಕಿಯಾಗಿ ಕೆಲಸ ಮಾಡಿದವಳು. ಜನಕ್ಕೆ ಆ ಉದ್ದದ ಹೆಸರು ಬೇಕಿಲ್ಲ, ಅವರಿಗೆ ನಾನು ನರ್ಸಮ್ಮ. ಹೆರಿಗೆ, ಚುಚ್ಚುಮದ್ದು, ಜ್ವರದ ಮಾತ್ರೆ ಇವು ನನ್ನ ಕೆಲಸ. ಇದರ ಜೊತೆಗೆ ಯಾರೂ ಹೇಳಿ ಕೊಡದ ಇನ್ನೊಂದು ಕೆಲಸವೂ ನನ್ನ ತಲೆಗೆ ಬಂದಿತ್ತು. ಯಾರ ಮನೆಯಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೂ, ಯಾವ ಆಸ್ಪತ್ರೆಗೆ ಸೇರಿಸಿದರೂ, ಮಕ್ಕಳು ಬಂದು ನನ್ನನ್ನೇ ಕೇಳುತ್ತಿದ್ದರು: "ನರ್ಸಮ್ಮ, ಉಳೀತಾರ? ಇಲ್ಲ ಮನೆಗೆ ಕರ್ಕಂಡೋಗ್ಬುಡದ?"

ಹೊರಗಿನವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುವುದಿಲ್ಲ. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ನಡುಮನೆಯ ಗೋಡೆಗೆ ಒರಗಿಸಿ, ಹಣೆ ತುಂಬ ವಿಭೂತಿ ಬಳಿದು, ಕೈಯಲ್ಲಿ ಲಿಂಗ ಇಟ್ಟು, ಬಂಧುಬಳಗ ನೋಡಿದ ಮೇಲೆ ಕೂತಂತೆಯೇ ಹೊಲಕ್ಕೆ ಕೊಂಡೊಯ್ದು, ಗುಂಡಿಯೊಳಗೂ ಕೂರಿಸುವುದು. ಆದರೆ ಆಸ್ಪತ್ರೆಯಲ್ಲಿ ಜೀವ ಹೋದರೆ ಆ ದೇಹ ಹೊಸ್ತಿಲು ದಾಟುವಂತಿಲ್ಲ. ಬೀದಿಯಲ್ಲಿ ಚಪ್ಪರ ಹಾಕಿ ಅಲ್ಲೇ ಕೂರಿಸಿ ಅಲ್ಲಿಂದಲೇ ಸಾಗಿಸುತ್ತಾರೆ. ಐವತ್ತು ವರ್ಷ ಸಾರಿಸಿ ಗುಡಿಸಿದ ಮನೆಯ ಮುಂದೆ, ಬಿಸಿಲಲ್ಲಿ, ಹೊರಗಿನವರ ಹಾಗೆ ಕೂತ ಹೆಂಗಸರನ್ನು ನಾನೇ ನೋಡಿದ್ದೇನೆ. ಅದನ್ನು ನೋಡಿದ ಯಾವ ಮಗನಿಗೂ ತನ್ನ ತಾಯಿಗೆ ಅದು ಬರಬಾರದು ಅನ್ನಿಸುತ್ತದೆ.

ಅದಕ್ಕೇ ನಾನು ನಾಡಿ ಹಿಡಿದು, ರೆಪ್ಪೆ ಎತ್ತಿ ನೋಡಿ, ಹೇಳಿಬಿಡುತ್ತಿದ್ದೆ: "ಇನ್ನು ಇಲ್ಲಿದ್ದು ಏನೂ ಇಲ್ಲ ಕಣ್ರಪ್ಪ. ಉಸುರಿರೋವಾಗ್ಲೆ ಕರ್ಕಂಡೋಗಿ." ನರ್ಸಮ್ಮನ ಮಾತು ತಪ್ಪುವುದಿಲ್ಲ ಎಂದು ಹೆಸರಾಯಿತು. ಆ ಹೆಸರು ಕಿವಿಗೆ ಬಿದ್ದಾಗ ಸೆರಗು ಸರಿಮಾಡಿಕೊಂಡು ಸ್ವಲ್ಪ ಮೆರೆದವಳೂ ಹೌದು ನಾನು. ತಪ್ಪುವುದಾದರೂ ಹೇಗೆ? ಔಷಧಿ ನಿಲ್ಲಿಸಿ ಮನೆಗೆ ಹೊತ್ತುಕೊಂಡು ಹೋದ ಮೇಲೆ ಉಳಿಯುವವರು ಎಷ್ಟು ಜನ? ಇಷ್ಟು ಸಣ್ಣ ವಿಷಯ ನನ್ನ ತಲೆಗೆ ಹೊಳೆಯಲು ನನ್ನ ಸರದಿಯೇ ಬರಬೇಕಾಯಿತು.

ನಿವೃತ್ತಿಯಾಗಿ ಐದು ವರ್ಷ ಕಳೆದಿತ್ತು. ಯಜಮಾನರು ಹೋಗಿ ಆಗಲೇ ಮೂರು ವರ್ಷ. ಮೊದಲು ಶುರುವಾದದ್ದು ಆಯಾಸ. ಆಮೇಲೆ ಕಾಲು ಊದಿಕೊಂಡು ಚಪ್ಪಲಿ ಹಿಡಿಯದಾಯಿತು. ಊರಿಗೆಲ್ಲ ಬುದ್ಧಿ ಹೇಳಿದವಳು, ನನ್ನ ಕಾಲಿಗೆ ಮಾತ್ರ ಬಿಸಿನೀರಿನ ಶಾಖ ಕೊಟ್ಟುಕೊಂಡು ಮೂರು ತಿಂಗಳು ತಳ್ಳಿದೆ. ಮಲಗಿದರೆ ಕೆಮ್ಮು ಒತ್ತರಿಸಿ ಬರುತ್ತಿತ್ತು, ಎದ್ದು ಕೂತರೆ ಇಳಿಯುತ್ತಿತ್ತು. ತಲೆಯ ಕೆಳಗೆ ಒಂದು ದಿಂಬು ಇದ್ದದ್ದು ಎರಡಾಯಿತು, ಮೂರಾಯಿತು. ಸೊಸೆ ಸವಿತ ನಗಾಡುತ್ತಿದ್ದಳು: "ಅತ್ತೆ, ನಾಕಾಯ್ತು. ಇನ್ನು ನಿಮ್ಗೆ ದಿಂಬು ಸಾಲ್ದು, ಗೋಡೆಗೆ ಒರಗಿ ಮನಿಕಳದೆಯ."

ಮಗ ಮಹೇಶನಿಗೆ ಕೊಳ್ಳೇಗಾಲದಲ್ಲಿ ಗೊಬ್ಬರದಂಗಡಿ. ಅವನೇ ಅಲ್ಲಿನ ಹೃದಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಕಾಯುವ ಜಾಗದಲ್ಲಿ ಕಬ್ಬಿಣದ ಕುರ್ಚಿಗಳು, ಗೋಡೆಯ ಮೇಲೆ ಶಬ್ದವಿಲ್ಲದ ಟಿವಿ. ಎರಡೂವರೆ ಗಂಟೆ ಕೂತು ಅಡುಗೆ ಮಾಡುವ ಹೆಂಗಸೊಬ್ಬಳ ಬಾಯಿ ಆಡುವುದನ್ನು ನೋಡಿದೆ, ಏನು ಮಾಡಿದಳೋ ಗೊತ್ತಾಗಲಿಲ್ಲ. ಒಳಗೆ ಎದೆಗೆ ತಣ್ಣನೆಯ ಜೆಲ್ ಸವರಿ ಸ್ಕ್ಯಾನ್ ಮಾಡಿದ ಡಾಕ್ಟರು, "ಪಂಪಿಂಗ್ ಕಮ್ಮಿಯಾಗಿದೆಯಮ್ಮ" ಎಂದರು. "ಎಷ್ಟದೆ ಸಾ?" ಎಂದೆ. ಅವರು ಮಹೇಶನ ಕಡೆ ತಿರುಗಿ ಅವನಿಗೆ ಉತ್ತರ ಹೇಳಿದರು. ಊಟ, ಉಪ್ಪು, ದಿನಕ್ಕೆ ಎಷ್ಟು ನೀರು, ಎಷ್ಟು ದಿನ, ಎಲ್ಲವನ್ನೂ ಅವನಿಗೇ ಹೇಳಿದರು. ನಾನು ಅಲ್ಲೇ ಕೂತು ರವಿಕೆಯ ಗುಂಡಿ ಹಾಕಿಕೊಳ್ಳುತ್ತಿದ್ದೆ. ಹೊರಗೆ ಬಂದ ಮೇಲೆ "ಏನಂದ್ರಪ್ಪ?" ಎಂದರೆ, "ಏನಿಲ್ಲ ಕಣವ್ವ, ಉಸಾರಾಗಿರ್ಬೇಕಂತೆ" ಎಂದ. ಪೇಷಂಟಿನ ಮುಂದೆ ಏನೂ ಹೇಳಬೇಡಿ ಎಂದು ಎಷ್ಟೋ ಮನೆಗಳಲ್ಲಿ ನಾನೇ ಪಾಠ ಹೇಳಿದ್ದೆ. ಅದರ ರುಚಿ ಈಗ ಗೊತ್ತಾಯಿತು.

ಆಮೇಲೆ ಒಂದು ಬೆಳಗ್ಗೆ, ಹಲ್ಲುಜ್ಜುತ್ತಾ ನಿಂತವಳಿಗೆ ನೀರಲ್ಲಿ ಮುಳುಗಿದ ಹಾಗಾಯಿತು. ಮೈಸೂರಿನ ದೊಡ್ಡ ಆಸ್ಪತ್ರೆ ಸೇರಿದಾಗ ನನಗೆ ಅರೆಬರೆ ಎಚ್ಚರ. ಮುಖಕ್ಕೆ ಬಿಗಿಯಾದ ಮಾಸ್ಕ್ ಕಟ್ಟಿ ಗಾಳಿ ತಳ್ಳುತ್ತಿದ್ದರು. ಮಾತು ಹೊರಗೆ ಬರುವಂತಿರಲಿಲ್ಲ. ಪಕ್ಕದ ಹಾಸಿಗೆಯ ಯಂತ್ರ ಕೂಗಿದರೆ ಅದು ನನ್ನದೇ ಎಂದುಕೊಂಡು ಹೆದರುತ್ತಿದ್ದೆ. ಅಲ್ಲೊಬ್ಬಳು ನರ್ಸು, ಮಂಡ್ಯದ ಕಡೆಯ ಮಾತಿನವಳು, ಪ್ರತಿ ಸಲ ಬಂದಾಗಲೂ ಮಾಸ್ಕಿನ ಪಟ್ಟಿಯ ಕೆಳಗೆ ಬೆರಳು ಹಾಕಿ ನನ್ನ ಕೆನ್ನೆಯನ್ನು ಒಂದು ಗಳಿಗೆ ಸಡಿಲ ಮಾಡುತ್ತಿದ್ದಳು. ಅವಳ ಮುಖ ಮರೆತಿದ್ದೇನೆ, ಬೆರಳು ಮರೆತಿಲ್ಲ.

ಮೂರನೇ ದಿನ ಡಾಕ್ಟರು ಮನೆಯವರನ್ನು ಕರೆದು, ಹೀಗೇ ಆದರೆ ವೆಂಟಿಲೇಟರ್ ಹಾಕಬೇಕಾಗಬಹುದು, ಹಾಕಿದ ಮೇಲೆ ಏನಾಗುತ್ತದೆ ಎಂದು ಈಗಲೇ ಹೇಳಲಾಗದು ಎಂದರಂತೆ. ಇದೆಲ್ಲ ಆಮೇಲೆ ಸವಿತ ಹೇಳಿದ್ದು. ಯಜಮಾನರ ಅಣ್ಣ ನಂಜಪ್ಪ ನಮ್ಮ ಮನೆಗೆ ಹಿರಿಯರು, ನನಗೆ ಭಾವ. ಅವರಿಗೆ ಅಷ್ಟೇ ಸಾಕಾಯಿತು. "ಏಳಕ್ಕಾಗಲ್ಲ ಅಂದ್ರೆ ಇನ್ನೇನ್ಲಾ ಮಯೇಸ? ನಮ್ಮನೆ ಎಣ್ಮಗ ಬೀದೀಲಿ ಕೂರದು ಬ್ಯಾಡ. ಎತ್ಕಂಡು ಓಗದ ನಡಿ" ಎಂದರು.

ಮಹೇಶ ಒಳಗೆ ಬಂದು ನನ್ನ ಪಾದ ಹಿಡಿದುಕೊಂಡ. "ಅವ್ವ, ಮನೆಗೋಗದ" ಎಂದ. ಬೇಡ ಎಂದು ತಲೆ ಅಲ್ಲಾಡಿಸಿದೆ. ನನಗೆ ಚೆನ್ನಾಗಿ ನೆನಪಿದೆ, ಎರಡು ಸಲ ಅಲ್ಲಾಡಿಸಿದೆ. ಅವನು ನನ್ನ ಪಾದದ ಮೇಲೆ ಮುಖವಿಟ್ಟು ಅಳುತ್ತಿದ್ದ, ನೋಡಲೇ ಇಲ್ಲ. ಇಂಥ ಹೊತ್ತಿನಲ್ಲಿ ಅವರು ಯಾರನ್ನು ಕೇಳುತ್ತಿದ್ದರೋ ಅವಳೇ ಹಾಸಿಗೆಯಲ್ಲಿದ್ದಳು. ಕೇಳಲು ಬೇರೆ ಯಾರೂ ಉಳಿದಿರಲಿಲ್ಲ.

ಆಂಬುಲೆನ್ಸಿನಲ್ಲಿ ಅಂಗಾತ ಮಲಗಿಸಿ ಎದೆಗೂ ಕಾಲಿಗೂ ಬೆಲ್ಟು ಬಿಗಿದರು. ಆ ದಾರಿಯನ್ನು ನಾನು ಹೇಗೆ ಹೇಳಲಿ? ಎದ್ದು ಕೂರಬೇಕು ಅನ್ನುವುದೊಂದೇ ನನ್ನ ಮೈಯಲ್ಲಿ ಉಳಿದಿದ್ದದ್ದು. ಹೆಸರು, ಮಗ, ದೇವರು ಯಾವುದೂ ಇಲ್ಲ, ಕೂರಬೇಕು ಅಷ್ಟೆ. ಭಾವ ನನ್ನ ಕೈ ಹಿಡಿದುಕೊಂಡು "ಇನ್ನೇನು ಬಂತು ತಾಯಿ, ನರಸೀಪುರ ದಾಟ್ತು, ಕೊಳ್ಳೇಗಾಲ ದಾಟ್ತು, ಉಸುರಿಡ್ಕೊ" ಎನ್ನುತ್ತಿದ್ದರು. ಅವರ ದನಿಯಲ್ಲಿ ಪ್ರೀತಿಯೇ ಇತ್ತು. ಅದಕ್ಕೇ ಅವರನ್ನು ಪೂರ್ತಿಯಾಗಿ ದ್ವೇಷಿಸಲು ನನಗೆ ಇವತ್ತಿಗೂ ಆಗಿಲ್ಲ.

ಮನೆಯ ಮುಂದೆ ಆಗಲೇ ಶಾಮಿಯಾನ, ಬಾಡಿಗೆ ಕುರ್ಚಿ. ಹೊಲದಲ್ಲಿ ಯಜಮಾನರ ಪಕ್ಕ ಗುಂಡಿ ತೋಡಲು ಆಳುಗಳು ಹೋಗಿದ್ದರು. ಇಳಿಸಿದ ತಕ್ಷಣ ಡ್ರೈವರ್ ತನ್ನ ಆಕ್ಸಿಜನ್ ಸಿಲಿಂಡರ್ ಬಿಚ್ಚಿಕೊಂಡ. ನಡುಮನೆಯಲ್ಲಿ ಪೂಜೆ ಮಾಡಿಸುವ ಅಯ್ನೋರು ವಿಭೂತಿ ಹಿಡಿದು ಕಾಯುತ್ತಿದ್ದರು. "ಇನ್ನೇನು ಅದೆಯಪ್ಪ, ಉಸುರು ನಿಂತಂಗೆಯ, ಕೂರ್ಸಿ, ಕೂರ್ಸಿ" ಎಂದರು ಭಾವ.

ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಕುಸಿಯದಂತೆ ನನ್ನದೇ ಹಳೆಯ ಸೀರೆಯೊಂದನ್ನು ಸೊಂಟಕ್ಕೆ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದರು. ಅಯ್ನೋರು ಹಣೆಗೆ, ತೋಳಿಗೆ, ಕತ್ತಿಗೆ ವಿಭೂತಿ ಬಳಿದರು. ಹೆಂಗಸರು ದನಿ ತೆಗೆದು ಅಳಲು ಶುರು ಮಾಡಿದರು. ನನಗೆ ಮಾತ್ರ, ಒಳಗೆ ಎಲ್ಲೋ ಒಂದು ಬಾಗಿಲು ಬೆರಳಗಲ ತೆರೆದ ಹಾಗಾಗಿ, ಒಂದು ಉಸಿರು ಪೂರ್ತಿಯಾಗಿ ಒಳಗೆ ಹೋಯಿತು. ಆಮೇಲೆ ಇನ್ನೊಂದು. ಎದೆಯಲ್ಲಿ ತುಂಬಿದ್ದ ನೀರು ಕೂತ ಕೂಡಲೇ ಕೆಳಗಿಳಿದು ಉಸಿರಿಗೆ ಜಾಗ ಬಿಟ್ಟಿತ್ತು. ಸಾವಿಗೆಂದು ಕೂರಿಸಿದ್ದೇ ನನಗೆ ಔಷಧಿಯಾಯಿತು. ನರ್ಸಮ್ಮನಾಗಿದ್ದ ನನಗೆ ಆ ಗಳಿಗೆಯಲ್ಲೇ ಅದು ಅರ್ಥವಾಯಿತು, ನಗು ಬಂತೋ ಅಳು ಬಂತೋ ಹೇಳಲಾರೆ.

ಜನ ಒಬ್ಬೊಬ್ಬರಾಗಿ ಬಂದು ಕಾಲಿಗೆ ನಮಸ್ಕರಿಸಿದರು. ಮಾಸ್ಕ್ ಇಲ್ಲದ ಬಾಯಿಗೆ ಮಾತು ಬರಲು ಅರ್ಧ ಗಂಟೆ ಬೇಕಾಯಿತು. ಸವಿತ ತೀರ್ಥ ಬಿಡಲು ಬಗ್ಗಿದಾಗ ನಾನು ಹೇಳಿದ ಮೊದಲ ಮಾತು: "ಮಾತ್ರೆ."

ಸವಿತ ಕೈಲಿದ್ದ ಲೋಟ ಬಿಡಲಿಲ್ಲ, ಕಿರುಚಲಿಲ್ಲ. "ಉಚ್ಚೆ ಮಾತ್ರೆಯ ಅತ್ತೆ?" ಎಂದು ಕಿವಿಯಲ್ಲಿ ಕೇಳಿದಳು. ಹೂಂ ಎಂದೆ. ಮೈಯಲ್ಲಿ ನಿಂತ ನೀರು ಇಳಿಯಲೆಂದು ಕೊಳ್ಳೇಗಾಲದ ಡಾಕ್ಟರು ಕೊಟ್ಟಿದ್ದ ಮಾತ್ರೆ ಅದು. ಯಾರನ್ನೂ ಕೇಳದೆ ಒಳಗೆ ಹೋಗಿ, ಬಿಳಿ ಮಾತ್ರೆ ಎರಡು ತಂದು, ತೀರ್ಥದಲ್ಲೇ ನುಂಗಿಸಿದಳು. ಭಾವ "ಏನಮ್ಮಿ ಅದು?" ಎಂದಿದ್ದಕ್ಕೆ "ಪರ್ಸಾದ" ಎಂದಳು. ನನ್ನ ಜೀವನದಲ್ಲಿ ಇಂಥ ಸುಳ್ಳು ಇನ್ನೊಂದು ಕೇಳಿಲ್ಲ. ಸಂಜೆಯೊಳಗೆ ಬಳಗವನ್ನೆಲ್ಲ ಆಚೆ ಕಳಿಸಿ ನನಗೆ ಬಕೆಟ್ಟು ಇಡಬೇಕಾಯಿತು. ಅವತ್ತೇ ಕೊಳ್ಳೇಗಾಲದ ಆಸ್ಪತ್ರೆಗೆ, ಈ ಸಲ ಕಾರಿನ ಮುಂದಿನ ಸೀಟಿನಲ್ಲಿ ಕೂತು ಹೋದೆ. ಹಣೆಯ ವಿಭೂತಿ ಒರೆಸುವುದು ಯಾರಿಗೂ ನೆನಪಾಗಿರಲಿಲ್ಲ. ತೋಡಿದ ಗುಂಡಿ ಬರಿದೇ ಮುಚ್ಚಬಾರದೆಂದು ಭಾವ ಅಲ್ಲೊಂದು ಬಾಳೆಕಂದು ನೆಡಿಸಿದರು.

ಮನೆಗೆ ಬಂದ ಮೇಲೆ ಎಲ್ಲರೂ ಮಹದೇಶ್ವರನ ಪವಾಡ ಎಂದರು. ನನಗೆ ಪವಾಡ ಕಾಣಲಿಲ್ಲ, ಸಿಟ್ಟು ಬಂತು. ತಿಂಗಳುಗಟ್ಟಲೆ ಮಗನ ಜೊತೆ ಸರಿಯಾಗಿ ಮಾತಾಡಲಿಲ್ಲ. ಕೊನೆಗೊಂದು ದಿನ ಅವನು ಮಾತ್ರೆ ಡಬ್ಬಿ ತುಂಬುತ್ತಿದ್ದಾಗ ಕೇಳಿಯೇಬಿಟ್ಟೆ.

"ಯಾಕಪ್ಪ ನನ್ನ ಒಂದು ಮಾತು ಕೇಳ್ನಿಲ್ಲ?"

ಅವನು ಡಬ್ಬಿಯಿಂದ ಕಣ್ಣೆತ್ತಲಿಲ್ಲ. "ನೀನೆ ಎಲ್ರಿಗೂ ಅಂಗೆ ಏಳದಲ್ವ ಅವ್ವ. ಸಣ್ಣವ್ನಿಂದ ಕೇಳಿವ್ನಿ. ಉಸುರಿರೋವಾಗ್ಲೆ ಕರ್ಕಂಡೋಗಿ ಅಂತ. ನೀನೇಳಂಗೆ ಮಾಡ್ದಿ."

ಆವತ್ತಿನಿಂದ ಅನ್ನ ಸರಿಯಾಗಿ ಸೇರಲಿಲ್ಲ. ನಾನು ಮನೆಗೆ ಕಳಿಸಿದವರ ಮುಖಗಳು ಒಂದೊಂದೇ ಬಂದು ನಿಲ್ಲತೊಡಗಿದವು. ಅವರಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ಅಗರದ ಸಿದ್ದಮ್ಮ. ಒಂಬತ್ತು ವರ್ಷದ ಹಿಂದಿನ ಮಾತು. ಅವಳಿಗೂ ಕಾಲು ಊದಿತ್ತು, ಅವಳಿಗೂ ಉಸಿರು ಸಿಗುತ್ತಿರಲಿಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳ ಮಗ ಮಾದಪ್ಪ ನನ್ನ ಕೈ ಹಿಡಿದು ಕೇಳಿದ್ದ. ನಾನು ಹೇಳುವುದನ್ನು ಹೇಳಿದ್ದೆ.

ನನ್ನ ತಂಗಿಯ ಮಗಳು ಪಲ್ಲವಿ ಐರ್ಲೆಂಡಿನಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯೊಂದರಲ್ಲಿ ನರ್ಸು. ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಅವಳಿಗೆ ಮಾತ್ರ ಇದನ್ನೆಲ್ಲ ಹೇಳಿಕೊಂಡೆ. ಅಲ್ಲಿ ಸೇರುವಾಗಲೇ ಕೂರಿಸಿಕೊಂಡು ಕೇಳುತ್ತಾರಂತೆ, ಕಾಯಿಲೆ ಜೋರಾದರೆ ಆಸ್ಪತ್ರೆಗೆ ಹೋಗುತ್ತೀರೋ ಇಲ್ಲೇ ಇರುತ್ತೀರೋ, ಕೊನೆಯಲ್ಲಿ ಯಾರು ಪಕ್ಕದಲ್ಲಿರಬೇಕು, ಯಾವ ಯಂತ್ರ ಬೇಡ ಎಂದು. ಬರೆದು ಫೈಲಿನಲ್ಲಿ ಇಡುತ್ತಾರಂತೆ.

"ಎಷ್ಟ್ ಚೆಂದ ಮಗ" ಎಂದೆ.

"ಚೆಂದ ಏನಿಲ್ಲ ದೊಡ್ಡಮ್ಮ. ತುಂಬಾ ಜನ ಮನೆಗೆ ಹೋಗ್ಬೇಕು ಅಂತ ಬರೆಸ್ತಾರೆ. ಮನೇಲಿ ಎತ್ತಿ ಮಲಗ್ಸೋರು ಇರಲ್ಲ, ನಮ್ಮಲ್ಲೇ ತೀರ್ಕೊಳ್ತಾರೆ. ಕೊನೇ ದಿನ ಬೂಟ್ಸ್ ಹಾಕ್ಕೊಂಡು ಮಂಚದ ಮೇಲೆ ಕೂತಿರ್ತಾರೆ, ಮಗ ಬರ್ತಾನೆ ಅಂತ. ಇಲ್ಲಿ ಕೇಳ್ತಾರೆ, ನಡೆಸ್ಕೊಡೋಕಾಗಲ್ಲ. ನಿಮ್ಮನ್ನ ಹೊತ್ಕೊಂಡು ಹೋಗೋಕೆ ಹತ್ತು ಜನ ಇದ್ರು, ಕೇಳ್ಲಿಲ್ಲ."

ಬರೆದಿಡುವ ಯೋಚನೆ ನನಗೆ ಬಂದದ್ದು ಆಗ. ಇಲ್ಲೂ ಅದಕ್ಕೆ ದಾರಿಯಿದೆ, ಇಬ್ಬರು ಸಾಕ್ಷಿ ಸಹಿ ಹಾಕಿ ನೋಟರಿ ಮಾಡಿಸಬೇಕು ಎಂದು ಅವಳೇ ಹೇಳಿದಳು. ಉದ್ದ ನೋಟ್ ಬುಕ್ಕಿನ ಹಾಳೆ ತೆಗೆದು ಸಿಟ್ಟಿನಲ್ಲೇ ಬರೆದೆ: "ನನ್ನನ್ನು ಮನೆಗೆ ತರಬಾರದು. ಆಸ್ಪತ್ರೆಯಲ್ಲೇ ಸಾಯುತ್ತೇನೆ. ಆಮೇಲೆ ಬೀದಿಯಲ್ಲಿ ಕೂರಿಸಿದರೂ ಚಿಂತೆಯಿಲ್ಲ."

ಭಾವ ಕನ್ನಡಕ ಹಾಕಿಕೊಂಡು ಓದಿ ಹಾಳೆಯನ್ನು ನೆಲಕ್ಕಿಟ್ಟರು. "ಇದುಕ್ಕೆ ನಾ ರುಜು ಆಕಲ್ಲ ಕಣವ್ವ. ನಾಳೆ ಊರೋರು ಏನಂದರು? ಅವ್ವನ್ನ ಬೀದೀಲಿ ಕೂರ್ಸ್ದ ಅಂತ ಮಗುನ್ನ ಆಡ್ಕಳಲ್ವ?" ಮಹೇಶ ಎದ್ದು ಹೋಗಿ ಹಿತ್ತಲಲ್ಲಿ ನಿಂತ. ಹಾಳೆ ಎರಡು ತಿಂಗಳು ದೇವರ ಗೂಡಿನಲ್ಲಿ ಬಿದ್ದಿತ್ತು.

ಆ ಎರಡು ತಿಂಗಳಲ್ಲಿ ಸಿದ್ದಮ್ಮ ನನ್ನನ್ನು ಬಿಡಲಿಲ್ಲ. ಒಂದು ಸೋಮವಾರ ಸವಿತಳನ್ನು ಕರೆದುಕೊಂಡು, ಹನೂರಿನಲ್ಲಿ ಬಸ್ಸು ಹತ್ತಿ, ಕೊಳ್ಳೇಗಾಲದಲ್ಲಿ ಇಳಿದು, ಇನ್ನೊಂದು ಬಸ್ಸು ಹಿಡಿದು ಅಗರಕ್ಕೆ ಹೋದೆ. ತಪ್ಪಾಯಿತು ಎನ್ನಬೇಕು ಎಂದುಕೊಂಡೇ ಹೋಗಿದ್ದೆ. ಭತ್ತದ ಗದ್ದೆಯಿಂದ ಆಗ ತಾನೇ ಬಂದಿದ್ದ ಮಾದಪ್ಪ ನನ್ನನ್ನು ನೋಡಿ ಕೈ ಮುಗಿದ. ತಲೆ ನರೆತಿತ್ತು. "ಬನ್ನಿ ನರ್ಸಮ್ಮ, ಕುಂತ್ಕಳಿ" ಎಂದು ಗೋಡೆಯ ಬದಿಗೆ ಕುರ್ಚಿ ಹಾಕಿದ. ಅವನ ಹೆಂಡತಿ ಚೊಂಬು ತುಂಬ ಮಜ್ಜಿಗೆ ತಂದಳು. ನನಗೆ ದಿನಕ್ಕೆ ಇಷ್ಟೇ ನೀರು ಎಂದು ಅಳತೆಯಿದೆ, ಎರಡು ಗುಟುಕು ಕುಡಿದು ಇಟ್ಟೆ.

ನಾನು ಮಾತು ತೆಗೆಯುವ ಮೊದಲೇ ಅವನು ಶುರು ಮಾಡಿದ. "ನಿಮ್ಮ ಋಣ ತೀರ್ಸಕ್ಕಾಗಲ್ಲ ನರ್ಸಮ್ಮ. ಅವತ್ತು ನೀವು ಏಳ್ದೆ ಓಗಿದ್ರೆ ನಮ್ಮವ್ವ ಆಸ್ಪತ್ರೇಲೆ ಓಗ್ಬುಡದು. ಇಗೋ, ನೀವು ಕುಂತಿದ್ದೀರಲ್ಲ, ಅದೇ ಗೋಡೆಗೆ ಒರಗ್ಸಿ ಕೂರ್ಸಿದ್ವಿ. ಊರೇ ಒಳಕ್ ಬಂದು ನೋಡ್ತು."

"ನೋವು ಪಟ್ಲ ಮಾದಪ್ಪ?"

"ಏನೋ, ಎಲ್ರಂಗೆ." ಅವನು ಟವೆಲಿನಿಂದ ಕತ್ತು ಒರೆಸಿಕೊಂಡ. "ಎರಡು ದಿನ ಇದ್ಲು. ಬಾಯಿ ತೆಗುದ್ರೆ ಒಂದೇ ಮಾತು. ಕೂರ್ಸಿ, ನನ್ನ ಕೂರ್ಸಿ ಅಂತ. ಬುದ್ಧಿ ಕೆಟ್ಟೋಗಿತ್ತು ಪಾಪ, ಸತ್ಮೇಲೆ ಕೂರ್ಸದ ಈಗ್ಲೆ ಕೂರ್ಸಿ ಅಂತಳೆ ಅಂತ ನಾವೆಲ್ಲ ಅತ್ತೊ. ಉಸುರಿರೋವಾಗ ಗೋಡೆಗೆ ಕೂರ್ಸದ ಉಂಟ? ಅಪ್ಸಕುನ ಅಂತ ಅಂಗಾತ ಮನಗ್ಸೇ ಇಟ್ಟಿದ್ವಿ. ನೀವೂ ಮಾರ್ನೆ ದಿನ ಬಂದು ಬಾಗ್ಲಲ್ಲಿ ನಿಂತ್ಕಂಡು ನೋಡುದ್ರಲ್ಲ. ಆಗ್ಲೂ ಅಂತಾನೆ ಇದ್ಲು."

ಸವಿತ ನನ್ನ ಕೈ ಹಿಡಿದುಕೊಂಡಳು. ಅವಳಿಗೆ ಗೊತ್ತಾಗಿತ್ತು. ನನ್ನ ಬೆನ್ನು ಆ ಗೋಡೆಗೆ ತಾಗಿತ್ತು, ಸರಿಯಾಗಿ ಉಸಿರಾಡುತ್ತಾ ಕೂತಿದ್ದೆ. ಮಾದಪ್ಪ ಒಂಬತ್ತು ವರ್ಷದಿಂದ ತಾಯಿಗೆ ಒಳ್ಳೆಯ ಸಾವು ಕೊಟ್ಟೆ ಎಂದು ನಂಬಿಕೊಂಡಿದ್ದಾನೆ. ನಾನು ತಪ್ಪಾಯಿತು ಎಂದರೆ ನನ್ನ ಎದೆ ಹಗುರಾದೀತು, ಅದರ ಭಾರವೆಲ್ಲ ಅವನ ಮೇಲೆ ಹೋಗುತ್ತದೆ. ಏನೂ ಹೇಳದೆ ಎದ್ದು ಬಂದೆ. ಬಸ್ಸಿನಲ್ಲಿ ಸವಿತ ಅತ್ತಳು, ನನಗೆ ಅಳು ಬರಲಿಲ್ಲ.

ಮನೆಗೆ ಬಂದು ದೇವರ ಗೂಡಿನ ಹಾಳೆ ಹರಿದು ಹೊಸದೊಂದು ಬರೆದೆ. ಮನೆಯೋ ಆಸ್ಪತ್ರೆಯೋ ಎಂದು ಅದರಲ್ಲಿ ಇಲ್ಲ. "ಎಲ್ಲಿದ್ದರೂ ಸರಿ. ನಾನು ಏನಾದರೂ ಕೇಳಿದರೆ, ಬುದ್ಧಿ ಕೆಟ್ಟಿದೆ ಎಂದುಕೊಳ್ಳದೆ ಅದನ್ನು ಮಾಡಿ. ಮಾತು ಬರದಿದ್ದರೆ ನನ್ನ ತಲೆ ಯಾವ ಕಡೆ ಆಡುತ್ತದೆ ನೋಡಿ. ಸವಿತ ಹೇಳಿದ್ದೇ ಕೊನೆಯ ಮಾತು. ಕೂರಿಸು ಎಂದರೆ ಕೂರಿಸಿ."

ಭಾವ ಎರಡು ಸಲ ಓದಿದರು. "ಇದುಕ್ಕೇನು, ಆಕ್ತೀನಿ ತಾ" ಎಂದು ನಿಧಾನವಾಗಿ ರುಜು ಮಾಡಿದರು. ಎರಡನೆಯ ಸಾಕ್ಷಿಯಾಗಿ ಪಕ್ಕದ ಮನೆಯವರು ಹಾಕಿದರು. ತಲೆ ಯಾವ ಕಡೆ ಆಡುತ್ತದೆ ಎಂದಿದ್ದ ಸಾಲಿನ ಮೇಲೆ ಮಹೇಶ ಬೆರಳಿಟ್ಟ. "ಆಡ್ಸಿದ್ಯ ಅವ್ವ, ಅವತ್ತು?" ಎಂದ. ಆಡಿಸಿದ್ದೆ ಕಣಪ್ಪ ಎಂದೆ. ಅದನ್ನು ಅವನಿಗೆ ಮುಚ್ಚಿಡಲು ನನಗೆ ಆಗಲಿಲ್ಲ.

ಈಗ ಗೋಡೆಗೆ ಸೇರಿಸಿದ ಮಂಚದ ಮೇಲೆ, ನಾಲ್ಕು ದಿಂಬಿಗೆ ಒರಗಿ ಇದನ್ನು ಬರೆಯುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತು ಏನು ಮಾಡುವುದು ಎಂದು ಯಾರನ್ನೋ ಕೇಳುತ್ತಿದ್ದರೆ, ಒಳಗೆ ಹೋಗಿ ಮಲಗಿರುವವರ ಮುಖದ ಹತ್ತಿರ ಒಮ್ಮೆ ಬಗ್ಗಿ ಎಂದಷ್ಟೇ ಹೇಳಬಲ್ಲೆ. ಸಿದ್ದಮ್ಮನ ಬಾಗಿಲಲ್ಲಿ ನಿಂತ ಆ ದಿನವನ್ನು ಎಷ್ಟು ಸಲ ನೆನಪಿಸಿಕೊಂಡಿದ್ದೇನೋ ಲೆಕ್ಕವಿಲ್ಲ. ಬಾಗಿಲ ಮೇಲಿನ ತೋರಣ ನೆನಪಿದೆ. ಮಾದಪ್ಪ ಕುಡಿಯಲು ಕೊಟ್ಟ ಕಾಫಿ, ಅದರಲ್ಲಿ ಸಕ್ಕರೆ ಜಾಸ್ತಿಯಾಗಿದ್ದದ್ದು ಕೂಡ ನೆನಪಿದೆ. ಅವಳು ಕೂರಿಸಿ ಎಂದದ್ದು ಮಾತ್ರ ನನಗೆ ಕೇಳಿಸಿದ ನೆನಪಿಲ್ಲ.